ಸಂಕ ದಾಟಿದರೆ ಇನ್ನೊಂದು ಊರು

ಬೀಳಗಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಊರು. ಉತ್ತರ ಕನ್ನಡ ಜಿಲ್ಲೆಯಲ್ಲಿ ಬಿಳಗಿ ಎಂಬ ಇನ್ನೊಂದು ಊರಿದೆ. ಸಿದ್ದಾಪುರದಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಈ ಊರು ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿತ್ತು. ಇಂದು ಇಲ್ಲಿ ಬಸ್ಸು ನಿಲ್ಲುವುದು ಎರಡು ನಿಮಿಷ. ಇಳಿಯುವವರು ನಾಲ್ಕು ಮಂದಿ. ಹತ್ತುವವರು ಪೇಟೆಗೆ ಹೊರಟ ಕಾಲೇಜು ಹುಡುಗರು. ಜೋಗ ನೋಡಲು ಬಂದ ಪ್ರವಾಸಿಗರ ವಾಹನಗಳು ಇತ್ತ ತಿರುಗುವುದು ಅಪರೂಪ.

ಆದರೆ ಬಸ್ಸಿನಿಂದ ಇಳಿದು ಎರಡು ಮೂರು ದಿನ ಕಾಲ್ನಡಿಗೆಯಲ್ಲಿ ಸುತ್ತುವವರಿಗೆ ಬಿಳಗಿಯ ಸುತ್ತಲಿನ ಹಳ್ಳಿಗಳು ತೆರೆದಿಟ್ಟ ಪುಸ್ತಕ. ಒಂದು ಕಣಿವೆಯಲ್ಲಿ ಹವ್ಯಕರ ಅಡಿಕೆ ತೋಟ. ಹಳ್ಳಕ್ಕೆ ಹಾಕಿದ ಸಂಕ ದಾಟಿದರೆ ದೀವರ ಗದ್ದೆ ಬಯಲು. ಗುಡ್ಡ ಹತ್ತಿ ಇಳಿದರೆ ಘಟ್ಟದಂಚಿನ ಕರೆ ಒಕ್ಕಲಿಗರ ನಾಲ್ಕಾರು ಮನೆ. ಇನ್ನೂ ಉತ್ತರಕ್ಕೆ ಯಲ್ಲಾಪುರದ ಕಾಡಿನಲ್ಲಿ ಸಿದ್ದಿಯರ ಹಾಗೂ ಗೌಳಿಗರ ವಾಡೆಗಳು. ಒಂದೊಂದು ಸಂಕದಾಚೆ ಮಾತಿನ ಧಾಟಿ ಬೇರೆ, ಅಡುಗೆಯ ರುಚಿ ಬೇರೆ, ಹಬ್ಬದ ಹಾಡು ಬೇರೆ.

ಜಲಪಾತ, ಶಿಖರಗಳನ್ನು ಬಿಟ್ಟು ಜನಜೀವನವನ್ನೇ ಅರಿಯಲು ಹೀಗೆ ಊರಿಂದೂರಿಗೆ ನಡೆಯುವುದು ಈಗ ಲೋಕದ ಹಲವೆಡೆ ರೂಢಿಯಾಗಿದೆ. ನೇಪಾಳದ ರಸುವಾ ಜಿಲ್ಲೆಯಲ್ಲಿ ತಮಾಂಗ್ ಜನರ ಹಳ್ಳಿಗಳ ನಡುವೆ ಇಂಥ ಒಂದು ಪ್ರಸಿದ್ಧ ದಾರಿಯಿದೆ. ಆ ದಾರಿಗೂ ನಮ್ಮ ಮಲೆನಾಡಿಗೂ ಒಬ್ಬ ಹಳೆಯ ಪಯಣಿಗನ ನಂಟು ಉಂಟು. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಯಲ್ಲಾಪುರ, ಸೋಂದಾ, ಸಿರಸಿ, ಬನವಾಸಿಗಳ ಮೂಲಕ ಹಾದುಹೋದನು. ಅಡಿಕೆ ತೋಟಕ್ಕೆ ನೀರು ಹೇಗೆ ಬರುತ್ತದೆ, ಗೊಬ್ಬರ ಯಾವುದು, ಯಾರು ಯಾರಿಗೆ ಗೇಣಿ ಕೊಡುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡನು. 1807ರಲ್ಲಿ ಅಚ್ಚಾದ ಆ ಪ್ರವಾಸ ಕಥನದಲ್ಲಿಯೇ ಕೆಂಪು ಮುರಕಲ್ಲಿಗೆ ಅವನು 'ಲ್ಯಾಟರೈಟ್' ಎಂಬ ಹೆಸರಿಟ್ಟದ್ದು. ಅದೇ ಮನುಷ್ಯ 1802-03ರಲ್ಲಿ ನೇಪಾಳಕ್ಕೆ ಹೋಗಿ, ಆಗ 'ಮುರ್ಮಿ'ಗಳೆಂದು ಕರೆಯಲಾಗುತ್ತಿದ್ದ ತಮಾಂಗರ ಬಗೆಗೂ ಬರೆದನು. ಅವನು ಕೇಳಿದ್ದು ಹೊಸ ದೊರೆಗಳ ಲೆಕ್ಕಪತ್ರಕ್ಕಾಗಿ. ಇಂದಿನ ವಿದ್ಯಾರ್ಥಿ ಕೇಳಬೇಕಾದದ್ದು ತನ್ನ ನೆರೆಯವರನ್ನು ಅರಿಯುವುದಕ್ಕಾಗಿ.

ಬಸದಿಯ ಅಂಗಳದಿಂದ

ನಡಿಗೆಯನ್ನು ಬಿಳಗಿಯ ರತ್ನತ್ರಯ ಬಸದಿಯ ಅಂಗಳದಿಂದ ಆರಂಭಿಸುವುದು ಒಳ್ಳೆಯದು. ಬಿಳಗಿಗೆ ಶ್ವೇತಪುರವೆಂದೂ ಹೆಸರಿತ್ತು. ಇಲ್ಲಿ ಆಳಿದ ಜೈನ ಅರಸರು ವಿಜಯನಗರದ ಕಾಲದಿಂದ ಹೈದರಾಲಿಯ ದಂಡಯಾತ್ರೆಯವರೆಗೆ ಈ ಸೀಮೆಯನ್ನು ಹಿಡಿದಿದ್ದರು. ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ ಎಂಬ ಮೂರನ್ನು ಜೈನರು ರತ್ನತ್ರಯವೆನ್ನುತ್ತಾರೆ. ಬಸದಿಯಲ್ಲಿ ನೇಮಿನಾಥ, ಪಾರ್ಶ್ವನಾಥ, ವರ್ಧಮಾನರ ಮೂರ್ತಿಗಳಿವೆ. ಊರಿನಲ್ಲಿ ವಿರೂಪಾಕ್ಷ ದೇವಾಲಯವೂ, ಕೆತ್ತನೆ ಕೆಲಸದ ಹಳೆಯ ಬಾವಿಯೂ ಇವೆ.

ಒಂದು ಪುಟ್ಟ ರಾಜ್ಯಕ್ಕೆ ಇಷ್ಟೆಲ್ಲ ಕಟ್ಟಲು ಹಣ ಎಲ್ಲಿಂದ ಬಂತು? ಉತ್ತರ ಬಸದಿಯ ಒಳಗಿಲ್ಲ, ಸುತ್ತಲಿನ ಕಣಿವೆಗಳಲ್ಲಿದೆ. ಕಾಳುಮೆಣಸು, ಅಡಿಕೆ, ಏಲಕ್ಕಿಗಳು ಈ ಘಟ್ಟದಂಚಿನಿಂದ ಇಳಿದು ಕರಾವಳಿಯ ಬಂದರು ಸೇರುತ್ತಿದ್ದವು. ಆದ್ದರಿಂದ ಶಾಸನ ನೋಡಿದವರು ತೋಟವನ್ನೂ ನೋಡಬೇಕು.

ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ

ಉಣುಗೋಲು ಸರಿಸಿ ಹವ್ಯಕರ ಮನೆಯ ಅಂಗಳಕ್ಕೆ ಕಾಲಿಟ್ಟರೆ ಮೊದಲು ಬರುವ ಪ್ರಶ್ನೆ "ಆಸರಿಗೆ ಎಂತ ಬೇಕು?" ಎಂಬುದು. ಬಾಯಾರಿಕೆ ತಣಿಸುವ ಮಾತು ಆದ ಮೇಲೆಯೇ ಎಲ್ಲಿಂದ ಬಂದಿರಿ, ಯಾರ ಪೈಕಿ ಎಂಬ ವಿಚಾರಣೆ. ನೀರು, ಬೆಲ್ಲ, ಮಜ್ಜಿಗೆ. ದೊಡ್ಡವರಾದರೆ ಮುಂದೆ ಕವಳದ ತಟ್ಟೆ. ಊಟದ ಹೊತ್ತಾದರೆ ತಂಬುಳಿ, ಅಪ್ಪೆಹುಳಿ. ಆಲೆಮನೆಯ ಕಾಲವಾದರೆ ಜೋನಿಬೆಲ್ಲ ಮತ್ತು ಬೋರಲು ಹಾಕಿದ ಮಡಕೆಯ ಮೇಲೆ ಕಾಗದದಷ್ಟು ತೆಳ್ಳಗೆ ಎರೆದ ತೊಡೆದೇವು.

ತೋಟ ತಗ್ಗಿನಲ್ಲಿರುತ್ತದೆ, ಅದರ ಎರಡೂ ಮಗ್ಗುಲ ಇಳಿಜಾರು 'ಬೆಟ್ಟ'. ಬ್ರಿಟಿಷರ ಕಾಲದಿಂದ ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಹೊರಗಿನವರಿಗೆ ಇದು ಅತಿ ಎನಿಸಬಹುದು. ವಿಜ್ಞಾನದ ವಿದ್ಯಾರ್ಥಿ ಮಳೆಯ ಲೆಕ್ಕ ನೋಡಲಿ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನೀರು ಮುರಕಲ್ಲಿನ ಮಣ್ಣಿನಿಂದ ಸುಣ್ಣ, ಪೊಟ್ಯಾಷ್ ಮುಂತಾದ ಸತ್ವಗಳನ್ನು ತೊಳೆದುಕೊಂಡು ಹೋಗುತ್ತದೆ. ಮರಗಳ ಬೇರು ಆಳಕ್ಕಿಳಿದು ಆ ಸತ್ವವನ್ನು ಮತ್ತೆ ಎಲೆಗೆ ಏರಿಸುತ್ತದೆ. ಆ ಎಲೆ ದನದ ಕೊಟ್ಟಿಗೆಯ ಹಾಸಾಗಿ, ಸಗಣಿ ಗಂಜಲದೊಡನೆ ಕೊಳೆತು ತೋಟಕ್ಕೆ ಮರಳುತ್ತದೆ. ಬೆಟ್ಟ, ಕೊಟ್ಟಿಗೆ, ತೋಟ ಎಂಬ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದವು ಸಡಿಲವಾಗುತ್ತವೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದ ಮನೆಗಳಲ್ಲಿ ಗೊಬ್ಬರದ ಚೀಲ ಪೇಟೆಯಿಂದ ಬರುವುದನ್ನು ಕಣ್ಣಾರೆ ಕಾಣಬಹುದು.

ಗದ್ದೆಗೆ ಬಯಕೆಯ ಊಟ

ತೋಟದ ಕೆಳಗಿನ ಹಳ್ಳಕ್ಕೆ ಅಡಿಕೆ ಮರದ ಸಂಕ. ಬಗಲಲ್ಲಿ ಕೈತಾಂಗಿಗೆ ಕಟ್ಟಿದ ಬಿದಿರಗಳ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಇದರ ಮೇಲೆಯೇ ದಾಟಬೇಕು. ಸಂಕದಾಚೆ ದೀವರ ಕೇರಿ. ಸಿದ್ದಾಪುರ ತಾಲೂಕಿನಲ್ಲಿ ಬಹುಸಂಖ್ಯೆಯಲ್ಲಿರುವ ಈ ಜನ ಮೂಲತಃ ಗದ್ದೆಯ ಒಕ್ಕಲುಗಳು.

ದೀವರ ಮನೆಯ ಗೋಡೆಯೇ ಒಂದು ಪಾಠ. ಮದುವೆಯಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿ ಬಣ್ಣ ನೆನೆಸಿ ಅರೆದ ಅಕ್ಕಿಯದು, ಕಪ್ಪು ಹುರಿದು ಕರಿದಾಗಿಸಿದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ಕುಂಚ ಪುಂಡಿ ನಾರಿನದು. ಅಡ್ಡಪಟ್ಟಿ, ಕೈವಾರಗಳಿಲ್ಲದೆ ನೇರಗೆರೆ, ತ್ರಿಕೋನ, ಚೌಕಗಳು ಒಂದಕ್ಕೊಂದು ಸರಿಹೊಂದುತ್ತವೆ. ಅಜ್ಜಿಗೆ ಅಳತೆ ಗೊತ್ತಿರುವುದು ಬೆರಳಿನಲ್ಲಿ. ಗೆರೆಗಳ ನಡುವೆ ಪದೇ ಪದೇ ಬರುವ ಆಕೃತಿ ಭತ್ತದ ತೆನೆ. ಬಣ್ಣವೂ ಭತ್ತದಿಂದ, ಚಿತ್ರವೂ ಭತ್ತದ್ದೇ.

ಇದರ ಅರ್ಥ ತಿಳಿಯಬೇಕಾದರೆ ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆ ಇಲ್ಲಿರಬೇಕು. ಆ ಹೊತ್ತಿಗೆ ಭತ್ತದ ಪೈರು 'ಹೊಡೆ'ಯಾಗಿರುತ್ತದೆ. ಅಂದರೆ ತೆನೆ ಇನ್ನೂ ಹೊರಬಿದ್ದಿಲ್ಲ, ಎಲೆಯ ಕವಚದೊಳಗೆ ಉಬ್ಬಿಕೊಂಡಿದೆ. ರೈತನ ಕಣ್ಣಿಗೆ ಗದ್ದೆ ಬಸುರಿ. ಮನೆಮಗಳಿಗೆ ಮಾಡುವಂತೆ ಗದ್ದೆಗೂ ಸೀಮಂತ. ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಹಿತ್ತಲು ಬೇಲಿ ಕಾಡುಗಳಿಂದ ಆಯ್ದ ಹತ್ತಾರು ಬಗೆಯ ಸೊಪ್ಪಿನ ಕುಡಿಗಳನ್ನು ಒಟ್ಟಿಗೆ ಬೇಯಿಸುವ ಬೆರಕೆ ಸೊಪ್ಪು ಅದರಲ್ಲಿ ಮುಖ್ಯ. ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ನಸುಕಿನಲ್ಲಿ ಗದ್ದೆಗೆ ಒಯ್ಯುತ್ತಾರೆ. ಪೈರಿಗೆ ಪೂಜೆ, ಕಾಗೆಗೆ ಎಡೆ, ಬದುವಿನ ಮೇಲೆ ಎಲ್ಲರ ಊಟ.

ಒಂದು ಊರಿನ ಹೆಂಗಸರಿಗೆ ಎಷ್ಟು ಬಗೆಯ ಖಾದ್ಯ ಸೊಪ್ಪುಗಳ ಗುರುತು ಇದೆ ಎಂಬುದು ಆ ಒಂದು ಪಾತ್ರೆಯಿಂದ ತಿಳಿಯುತ್ತದೆ. ಸಸ್ಯಶಾಸ್ತ್ರದ ಹರ್ಬೇರಿಯಂ ಹಾಳೆಯಲ್ಲಿ ಅಂಟಿಸಿಡುವುದನ್ನು ಇಲ್ಲಿ ವರ್ಷಕ್ಕೊಮ್ಮೆ ಬೇಯಿಸಿ ಬಡಿಸಿ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ.

ಮುಂದೆ ದೀಪಾವಳಿಗೆ ಅಂಟಿಗೆ ಪಂಟಿಗೆ. ಗ್ರಾಮದೇವರ ಎದುರು ಹಚ್ಚಿದ ದೀಪವನ್ನು ಯುವಕರ ತಂಡ ಆರದಂತೆ ಕಾಪಾಡಿಕೊಂಡು, ಹಾಡುತ್ತ ಮನೆಯಿಂದ ಮನೆಗೆ ಒಯ್ಯುತ್ತದೆ. ಪ್ರತಿ ಮನೆಯ ಗೃಹಿಣಿ ಅದಕ್ಕೆ ಎಣ್ಣೆ ಎರೆಯುತ್ತಾಳೆ. ಇಂಥ ಹಾಡುಗಳನ್ನು ಉತ್ತರ ಕನ್ನಡದ ನಾನಾ ಸಮುದಾಯಗಳಿಂದ ಸಂಗ್ರಹಿಸಿದ ಡಾ. ಎಲ್. ಆರ್. ಹೆಗಡೆಯವರು ಹಳ್ಳಿ ಹಳ್ಳಿ ತಿರುಗಿ ಕೆಲಸ ಮಾಡಿದವರು. ಅವರು ಬರೆದುಕೊಳ್ಳದಿದ್ದರೆ ಎಷ್ಟೋ ಹಾಡುಗಳು ಹಾಡಿದವರೊಡನೆಯೇ ಹೋಗುತ್ತಿದ್ದವು.

ಗದ್ದೆ ತೋಟವಾದಾಗ

ಈ ಬಯಲುಗಳಲ್ಲಿ ನಡೆಯುವವರು ಇನ್ನೊಂದನ್ನೂ ಗಮನಿಸುತ್ತಾರೆ. ಗದ್ದೆಯ ಮಡಿಗಳಲ್ಲಿ ಸಾಲು ಸಾಲಾಗಿ ನಿಂತ ಅಡಿಕೆ ಸಸಿಗಳು. ಕೆಲವು ಕಡೆ ಇಡೀ ಬಯಲೇ ತೋಟವಾಗಿದೆ.

ಈ ಗದ್ದೆಗಳು ಸುಲಭವಾಗಿ ಬಂದವಲ್ಲ. ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಅನ್ಯಾಯದಿಂದ. ದೀವರೇ ಆ ಹೋರಾಟದ ಬೆನ್ನೆಲುಬು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ 'ಉಳುವವನೇ ಹೊಲದೊಡೆಯ' ಎಂಬ ಮಾತು ಈ ಸೀಮೆಯ ಸಾವಿರಾರು ಮನೆಗಳಲ್ಲಿ ನಿಜವಾಯಿತು. ಅಂಥ ಗದ್ದೆಯ ಒಡೆಯರೇ ಇಂದು ಅಡಿಕೆ ನೆಡುತ್ತಿದ್ದಾರೆ. ಅವರನ್ನು ದೂರುವಂತಿಲ್ಲ. ನಾಟಿಗೆ, ಕೊಯ್ಲಿಗೆ ಆಳು ಸಿಗುವುದಿಲ್ಲ. ಕಾಡುಹಂದಿ, ಮಂಗಗಳ ಕಾಟ ತಪ್ಪುವುದಿಲ್ಲ. ಭತ್ತದಲ್ಲಿ ಕೈಗೆ ಉಳಿಯುವುದು ಅಲ್ಪ. ಅಡಿಕೆಯಿಂದ ಮಗಳ ಇಂಜಿನಿಯರಿಂಗ್ ಶುಲ್ಕ ತುಂಬಬಹುದು. ಓದಿಸಬಾರದೆಂದು ಯಾರು ಹೇಳಿಯಾರು?

ಆದರೆ ಬೆಲೆ ತೆರುವುದಂತೂ ಆಗುತ್ತಿದೆ. ಹೊಡೆಯಾಗುವ ಪೈರೇ ಇಲ್ಲದಿದ್ದರೆ ಭೂಮಿಯ ಸೀಮಂತ ಎಲ್ಲಿ? ಅಡಿಕೆ ಗಿಡದ ಬುಡದಲ್ಲಿ ಭೂಮಿ ಹುಣ್ಣಿಮೆ ಮಾಡುವ ಮನೆಗಳು ಈಗಲೂ ಇವೆ. ಹಬ್ಬ ಗಟ್ಟಿ ಜೀವ. ಆದರೂ ತೆನೆಯನ್ನು ಕಾಣದೆ ಬೆಳೆದ ಹುಡುಗಿ ಗೋಡೆಯ ಮೇಲಿನ ತೆನೆಯನ್ನು ಬರಿಯ ನಕ್ಷೆಯಾಗಿ ಬರೆದಾಳು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಲ್ಲಿ ಚಿತ್ತಾರ ಚೌಕಟ್ಟಿನೊಳಗೆ ಸೇರಿ ಪೇಟೆಯ ಮನೆಗಳನ್ನು ಅಲಂಕರಿಸುತ್ತಿದೆ. ಅದರಿಂದ ಕೆಲವು ಹೆಣ್ಣುಮಕ್ಕಳಿಗೆ ಸಂಪಾದನೆಯಾಗಿರುವುದು ಸಂತೋಷದ ಸಂಗತಿ. ಆದರೆ ಕಲೆ ಉಳಿಯಿತು ಎನ್ನುವ ಮುನ್ನ ಅದು ಯಾವ ಗದ್ದೆಯಿಂದ ಹುಟ್ಟಿತು ಎಂಬುದನ್ನೂ ನೋಡಬೇಕು. ವಸ್ತುಸಂಗ್ರಹಾಲಯದಲ್ಲಿ ಈ ಕೊಂಡಿ ಕಾಣದು. ಬದುವಿನ ಮೇಲೆ ನಡೆದಾಗ ಕಾಣುತ್ತದೆ.

ಕಾನಿನ ಅಂಚಿನಲ್ಲಿ

ಬಿಳಗಿಯಿಂದ ಪಶ್ಚಿಮಕ್ಕೆ ಹೋದಂತೆ ನೆಲ ಇಳಿಯತೊಡಗುತ್ತದೆ, ಕಾಡು ದಟ್ಟವಾಗುತ್ತದೆ. ಸಿರಸಿಯ ಬಳಿ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಕಡಲು ಸೇರುತ್ತದೆ. ಈ ಕಣಿವೆಯ ಸುತ್ತಮುತ್ತ 2011ರಲ್ಲಿ ಸರಕಾರ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿನ ಹಳೆಯ ನಿತ್ಯಹಸಿರು ಕಾಡಿಗೆ ಜನರು ಇಟ್ಟ ಹೆಸರು 'ಕಾನು'. ಕೆಲವು ಕಾನುಗಳಲ್ಲಿ ದೇವರಿದ್ದಾನೆ. ಅಲ್ಲಿ ಕೊಡಲಿ ಆಡಿಸಬಾರದು. ಅಂಥ ತಗ್ಗುಗಳಲ್ಲಿ ರಾಂಪತ್ರೆಯ ಜಡ್ಡಿಗಳಿವೆ. ಸದಾ ನೀರು ನಿಲ್ಲುವ ಕೆಸರಿನಲ್ಲಿ ಉಸಿರಾಡಲು ಈ ಮರಗಳು ಮಡಿಚಿದ ಮೊಣಕಾಲಿನಂಥ ಬೇರುಗಳನ್ನು ನೆಲದ ಮೇಲೆ ಎತ್ತುತ್ತವೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು. ಜಡ್ಡಿಯ ಕೆಳಗಿನ ತೋಟಕ್ಕೆ ಬೇಸಿಗೆಯಲ್ಲಿಯೂ ನೀರು ಬತ್ತದಿರುವುದಕ್ಕೆ ಆ ಕಾನೇ ಕಾರಣ. ದೇವರ ಭಯ ಕಾಡನ್ನು ಕಾಯಿತು, ಕಾಡು ನೀರನ್ನು ಕಾಯಿತು.

ಘಟ್ಟದಂಚಿನ ಮನೆಗಳಿಗೆ ಕಾಡು ಜೀವನಾಧಾರವೂ ಹೌದು. ಮಳೆಗಾಲದಲ್ಲಿ ಉಪ್ಪಾಗೆ ಆಯ್ದು, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಂಗಳೀಕಕ್ಕೂ ಉಪ್ಪಾಗೆ ಪ್ರಿಯವಾದ ಹಣ್ಣು. ಮನುಷ್ಯರಿಗೆ ಎಷ್ಟು, ಮಂಗಕ್ಕೆ ಎಷ್ಟು ಎಂಬ ಲೆಕ್ಕ ಪರೀಕ್ಷೆಯ ಲೆಕ್ಕಕ್ಕಿಂತ ಕಠಿಣವಾದದ್ದು.

ಯಲ್ಲಾಪುರದ ಸಿದ್ದಿಯರು

ಸಮಯವಿದ್ದವರು ಇಲ್ಲಿಂದ ಸಿರಸಿ ಮಾರ್ಗವಾಗಿ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಿ ಇನ್ನೊಂದು ದಿನ ನಡೆಯಬಹುದು. ಇಲ್ಲಿನ ಕಾಡಂಚಿನ ಕೇರಿಗಳಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಮತ್ತು ಇತರ ವ್ಯಾಪಾರಿಗಳು ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ ಇವರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಕಾಡನ್ನು ಸೇರಿದರು. 2011ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನವೂ ಆಫ್ರಿಕದ ಬಾಂಟು ಜನರೊಡನೆ ಇವರ ಸಂಬಂಧವನ್ನು ಖಚಿತಪಡಿಸಿದೆ. ಇವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. ಡಮಾಮಿ ಕುಣಿತಕ್ಕೆ ಮಾತ್ರ ಆ ಭೇದವಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಆ ಸಮುದಾಯದ ಧ್ವನಿ ಮೊದಲ ಬಾರಿಗೆ ಶಾಸನ ಸಭೆಯನ್ನು ಮುಟ್ಟಿತು.

ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಹೊಲಿಗೆಯ ಕ್ರಮ. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ 'ಫೂಲ' ಇಟ್ಟರೆ ಮಾತ್ರ ಕವಂದಿ ಪೂರ್ಣ. ಫೂಲವಿಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುಂಗುರು ಕೂದಲು ನೋಡಿ ಬೆರಗಾಗುವುದಕ್ಕೆ, ಕೇಳದೆ ಫೋಟೊ ತೆಗೆಯುವುದಕ್ಕೆ, "ಕುಣಿದು ತೋರಿಸಿ" ಎನ್ನುವುದಕ್ಕೆ ಹೋಗುವುದಾದರೆ ಹೋಗದಿರುವುದೇ ಮೇಲು. ಸಿದ್ದಿಯರು ತಲೆಮಾರುಗಳಿಂದ ಈ ನಾಡಿನವರು. ತನ್ನದೇ ಊರಿನಲ್ಲಿ "ನೀವು ಯಾವ ದೇಶದವರು?" ಎಂಬ ಪ್ರಶ್ನೆ ಎದುರಿಸುವ ಹುಡುಗನ ನೋವು ನಮ್ಮ ಮಕ್ಕಳಿಗೆ ಅರ್ಥವಾದರೆ ಇಡೀ ನಡಿಗೆ ಸಾರ್ಥಕ.

ತಮಾಂಗರ ದಾರಿ ಕಲಿಸುವ ಪಾಠ

ಇನ್ನು ನೇಪಾಳದ ಮಾತು. ಅಲ್ಲಿನ ತಮಾಂಗರು ಶತಮಾನಗಳ ಕಾಲ ಕಠ್ಮಂಡುವಿನ ಅರಸೊತ್ತಿಗೆಗೆ ಹೊರೆ ಹೊತ್ತವರು, ಬಡತನದಲ್ಲಿ ಉಳಿದವರು. ಈ ಶತಮಾನದ ಮೊದಲ ದಶಕದಲ್ಲಿ ಗ್ರಾಮೀಣ ಬಡತನ ನಿವಾರಣೆಗೆಂದೇ ಅವರ ಹಳ್ಳಿಗಳ ನಡುವಿನ ಹಳೆಯ ಕಾಲುದಾರಿಗಳನ್ನು ಪಾರಂಪರಿಕ ಚಾರಣ ಪಥವಾಗಿ ಜೋಡಿಸಲಾಯಿತು. ಸ್ಯಾಬ್ರುಬೇಸಿಯಿಂದ ಹೊರಟು ಗತ್ಲಾಂಗ್, ತಾತೋಪಾನಿ, ಥುಮನ್, ಬ್ರಿದಿಮ್‌ಗಳ ಮೂಲಕ ಸಾಗುವ ಈ ದಾರಿಯಲ್ಲಿ ಬಂದವರು ಊರಿನವರ ಮನೆಯಲ್ಲಿಯೇ ಉಳಿದು, ಅವರ ಒಲೆಯ ಅಡುಗೆಯನ್ನೇ ಉಣ್ಣುತ್ತಾರೆ. ಸಂಜೆ ಡಂಫು ಬಡಿತಕ್ಕೆ ಕಿವಿಗೊಡುತ್ತಾರೆ. ಹಾಗೆ ಬಂದ ಹಣ ಊರಿನಲ್ಲಿಯೇ ನಿಲ್ಲುತ್ತದೆ.

2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪ ಬಂದಾಗ ಈ ಹಳ್ಳಿಗಳ ಕಲ್ಲಿನ ಮನೆಗಳು ಕುಸಿದವು. ನೇಪಾಳದಲ್ಲಿ ಒಟ್ಟು ಸುಮಾರು ಒಂಬತ್ತು ಸಾವಿರ ಮಂದಿ ಸತ್ತರು. ಜನ ಮತ್ತೆ ಮನೆ ಕಟ್ಟಿಕೊಂಡರು, ನಡೆಯುವವರೂ ಮತ್ತೆ ಬಂದರು. ದಾರಿಯಲ್ಲಿ ಬರುವ ಅತಿಥಿ ಊರು ಉಳಿಯಲು ಒಂದು ಆಸರೆಯಾಗಬಲ್ಲ ಎಂಬುದು ಇದರಿಂದ ತಿಳಿಯುವ ಪಾಠ. ಆದರೆ ಊರು ಅತಿಥಿಗಾಗಿಯೇ ವೇಷ ಕಟ್ಟತೊಡಗಿದರೆ ನೋಡಲು ಏನೂ ಉಳಿಯದು ಎಂಬುದೂ ಅಷ್ಟೇ ನಿಜ. ಬಿಳಗಿಯ ಸೀಮೆಗೆ ಎರಡೂ ಮಾತು ಸಲ್ಲುತ್ತವೆ.

ಹೊರಡುವ ಮೊದಲು

ಪಾಲಕರ ಚಿಂತೆಗಳಿಗೆ ಉತ್ತರವಿದೆ. ಮಳೆಗಾಲದಲ್ಲಿ ಹಳ್ಳಗಳು ಒಮ್ಮೆಲೇ ಏರುತ್ತವೆ, ಉಂಬಳಗಳ ಕಾಟವೂ ಹೆಚ್ಚು. ಮಕ್ಕಳ ತಂಡಕ್ಕೆ ಆ ಕಾಲ ಬೇಡ. ಅಕ್ಟೋಬರ್, ನವೆಂಬರ್ ಸೊಗಸಾದ ಸಮಯ. ಭೂಮಿ ಹುಣ್ಣಿಮೆ, ದೀಪಾವಳಿಗಳೂ ಆಗಲೇ ಬರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ಉಣುಗುಗಳಿಂದ ಮಂಗನ ಕಾಯಿಲೆ ಹರಡುವ ಅಪಾಯವುಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ರೋಗ ಸಿದ್ದಾಪುರದಲ್ಲಿ ಈಚಿನ ವರ್ಷಗಳಲ್ಲಿಯೂ ಜೀವ ತೆಗೆದಿದೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮೈತುಂಬ ಬಟ್ಟೆ ಧರಿಸಿ, ಸತ್ತ ಮಂಗ ಕಂಡ ಕಾಡಿನಿಂದ ದೂರವಿರಬೇಕು. ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಊರಿನ ಒಬ್ಬರು ಜೊತೆಗಿರಲೇಬೇಕು. ಅವರ ದಿನದ ಕೂಲಿಯನ್ನು ತಪ್ಪದೆ ಕೊಡಬೇಕು. ಕಸವನ್ನು ಚೀಲದಲ್ಲಿ ತುಂಬಿ ಮರಳಿ ತರಬೇಕು. ದೇವರ ಕಾನಿನಲ್ಲಿ ಊರಿನವರು ಚಪ್ಪಲಿ ಬಿಟ್ಟಲ್ಲಿ ಚಪ್ಪಲಿ ಬಿಡಬೇಕು.

ಚೀಲದಲ್ಲಿ ಒಂದು ನೋಟುಪುಸ್ತಕ ಇರಲಿ. ಬೆರಕೆಗೆ ಹಾಕಿದ ಸೊಪ್ಪುಗಳ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿ ಬರೆದುಕೊಳ್ಳಲಿ. ಮರಳಿ ಬಂದ ಮೇಲೆ ಆ ಪಟ್ಟಿಯ ಒಂದು ಪ್ರತಿಯನ್ನು ಅದೇ ಊರಿನ ಶಾಲೆಗೆ ಕಳಿಸಲಿ. ಬುಕನನ್ ಬರೆದುಕೊಂಡದ್ದು ಲಂಡನ್ ಸೇರಿತು. ನಮ್ಮ ಮಕ್ಕಳು ಬರೆದುಕೊಂಡದ್ದು ಸಂಕ ದಾಟಿ ಶಾಲೆಗೆ ಬರುವ ಆ ಮಕ್ಕಳ ಕೈಗೇ ಸೇರಬೇಕು. ತಮ್ಮ ಅಜ್ಜಿಗೆ ಇಷ್ಟೆಲ್ಲ ಗೊತ್ತಿತ್ತೇ ಎಂದು ಅವರು ಮನೆಗೆ ಹೋಗಿ ಕೇಳಿದರೆ, ಮುಂದಿನ ಭೂಮಿ ಹುಣ್ಣಿಮೆಗೆ ಬುಟ್ಟಿ ಹೊರಲು ಒಬ್ಬರಾದರೂ ಹೆಚ್ಚಾದಾರು.